ವೇದಿಕೆಯ ಕೆಳಗಿನ ನಾಲಿಗೆ

"ಆ ವೇದಿಕೆ ಹತ್ರ ಹೋಗ್ಬೇಡಿ ಮೇಡಂ. ಕೆಳಗೆ ಏನೋ ಮಾಡ್ಸಿ ಇಟ್ಟಿದಾರೆ. ನಮ್ಮೆಜಮಾನ್ರು ಅಲ್ಲಿ ಮಾತಾಡ್ತಾ ಮಾತಾಡ್ತಾನೇ ಮೂಗರಾದ್ರು."

ಅತ್ತಿಗುಪ್ಪೆಯ ನಿವೇಶನದಾರರ ಸಂಘದ ಬಾಗಿಲಲ್ಲಿ ನಿಂತು ವೆಂಕಟಲಕ್ಷ್ಮಮ್ಮ ಪಿಸುಗುಟ್ಟಿದರು. ಪಕ್ಕದಲ್ಲಿ ಅವರ ಗಂಡ, ಕಾರ್ಯದರ್ಶಿ ಮೋಹನ್ ಕುಮಾರ್, ತಲೆ ತಗ್ಗಿಸಿದ್ದರು. ಮಕ್ಕಳ ಆಟದ ಮೈದಾನವನ್ನು ಬಿಲ್ಡರಿಗೆ ಮಾರಲು ಹೊರಟ ಅಧ್ಯಕ್ಷ ಯೋಗಾನಂದನಿಗೆ ಅಡ್ಡ ನಿಂತವರು ಅವರೇ. ಸಂಘ ಎರಡು ಹೋಳಾಗಿ, ಸಭೆಯಲ್ಲಿ ಕುರ್ಚಿಗಳು ಹಾರಾಡಿ, ಕೊನೆಗೆ ಸರ್ಕಾರ ಗುರುದೇವಿಯನ್ನು ಆಡಳಿತಾಧಿಕಾರಿಯಾಗಿ ಕಳಿಸಿತ್ತು. ಅವಳು ಬೇಡವೆಂದರೆ ಮಾರಾಟ ಅಲ್ಲಿಗೇ ನಿಲ್ಲುತ್ತಿತ್ತು. ಬೇಡವೆನ್ನಲೆಂದೇ ಅವಳು ಬಂದಿದ್ದಳು.

"ಈ ಕಾಲದಾಗೂ ಇಂಥಾದ್ದಕ್ಕ ಅಂಜತೀರೇನ್ರಿ ಅಮ್ಮಾರ?" ಗುರುದೇವಿ ನಕ್ಕಳು. "ತಡೀರಿ, ಏನೈತಿ ನೋಡೇಬಿಡೂಣು."

ಅಂದಿನ ಸಭೆಗೆ ಜನ ಇನ್ನೂ ಸೇರಿರಲಿಲ್ಲ. ಕಿಟಕಿ ಮುಚ್ಚಿದ್ದ ಸಭಾಂಗಣದಲ್ಲಿ ಹಗಲಲ್ಲೂ ಕತ್ತಲು ಹೆಪ್ಪುಗಟ್ಟಿತ್ತು. ಹೊರಗೆ ಮೆಟ್ರೋ ಹಾದುಹೋದ ಸದ್ದಿಗೆ ವೇದಿಕೆಯ ಹಲಗೆಗಳು ಹಲ್ಲು ಕಡಿದವು. ಒಂದು ಹಲಗೆ ಎತ್ತಿದೊಡನೆ ಕೊಳೆತ ನೆತ್ತರಿನ, ಸುಟ್ಟ ಕೂದಲಿನ ನಾತ ಮುಖಕ್ಕೆ ರಾಚಿತು. ಕುಂಕುಮ ಮೆತ್ತಿದ ಕುಡಿಕೆ. ಅದರೊಳಗೆ ಒಂದು ಮೇಕೆಯ ನಾಲಿಗೆ. ಮಡಚಿ, ಕಪ್ಪು ದಾರದಲ್ಲಿ ಹೊಲಿದಿದ್ದರು. ಮೋಹನ್ ಕುಮಾರರ ಮಾತು ನಿಂತಾಗಿನದು, ತಿಂಗಳುಗಳ ಹಿಂದಿನದು. ಆದರೂ ಹಸಿಯಾಗಿತ್ತು.

ಅಸಹ್ಯವನ್ನು ನುಂಗಿಕೊಂಡು ಗುರುದೇವಿ ದಾರವನ್ನು ಪಟ್ಟನೆ ಕಿತ್ತಳು.

"ಲಕ್ಷ್ಮೀ!" ಬಾಗಿಲಲ್ಲಿದ್ದ ಮೋಹನ್ ಕುಮಾರ್ ಚೀರಿದರು. "ಲಕ್ಷ್ಮೀ, ಮಾತು ಬಂತು ಕಣೇ!"

ನೋಡಿದಿರಾ ಎನ್ನಲು ಗುರುದೇವಿ ತಿರುಗಿದಳು.

ಅವಳ ನಾಲಿಗೆಯ ತುದಿಗೆ ಸೂಜಿ ಚುಚ್ಚಿತು. ಒಳಗಿನಿಂದ. ಮತ್ತೊಂದು. ದಾರ ಎಳೆದಂತಾಯಿತು. ಬಾಯಿಗೆ ಬೆರಳು ಹಾಕಿದಳು. ಏನೂ ಸಿಗಲಿಲ್ಲ. ನಾಲಿಗೆ ಮಡಚುತ್ತಿತ್ತು. ತಾನಾಗಿಯೇ. ಹೊಲಿಗೆಯ ಮೇಲೆ ಹೊಲಿಗೆ. ಕೂಗಿದಳು. ಬರೀ ಉಸಿರು. ಬಾಯ್ತುಂಬ ಸುಟ್ಟ ಕೂದಲಿನ ರುಚಿ.

ಅಷ್ಟರಲ್ಲಿ ಜನ ಒಳನುಗ್ಗಿದರು. ಯೋಗಾನಂದ ವೇದಿಕೆ ಹತ್ತಿದ. ಕಿತ್ತ ಹಲಗೆಯನ್ನು ನೋಡಿದ, ಅವಳ ಬಾಯನ್ನು ನೋಡಿದ. ಆಮೇಲೆ ಬಹಳ ಮರ್ಯಾದೆಯಿಂದ ಕುರ್ಚಿ ಎಳೆದು ಅವಳನ್ನು ಕೂರಿಸಿದ. ಅವನ ಅಂಗೈ ಅವಳ ಹೆಗಲ ಮೇಲೆ ಕಲ್ಲಿನಂತೆ ಒತ್ತಿ ನಿಂತಿತು.

"ಮೈದಾನ ಕೊಡೋದಕ್ಕೆ ಮೇಡಂ ಅವರದ್ದು ತಕರಾರಿಲ್ಲ. ಬೇರೆ ಯಾರಾದ್ರೂ ಮಾತಾಡೋದಿದ್ರೆ ಮೇಲೆ ಬಂದು ಮಾತಾಡಿ."

ಗುರುದೇವಿ ಎದ್ದು ನಿಲ್ಲಲು ಒದ್ದಾಡಿದಳು. ಆಗಲಿಲ್ಲ. ಕಣ್ಣಲ್ಲೇ ಮೋಹನ್ ಕುಮಾರರನ್ನು ಬೇಡಿದಳು. ಈಗ ಮಾತಿದ್ದದ್ದು ಅವರಿಗೆ. ಅವರು ತುಟಿ ತೆರೆದರು.

ವೆಂಕಟಲಕ್ಷ್ಮಮ್ಮ ಗಂಡನ ಬಾಯಿಯನ್ನು ಅಂಗೈಯಿಂದ ಬಿಗಿಯಾಗಿ ಮುಚ್ಚಿದರು. ಗುರುದೇವಿಯ ಕಡೆ ನೋಡದೆ, ಇನ್ನೊಂದು ಕೈಯನ್ನು ಒಪ್ಪಿಗೆಯೆಂದು ಮೇಲೆತ್ತಿದರು.