ಗುಂಡಿಯ ಮೇಲಿನ ಅಕ್ಷತೆ

2009ರ ಸೆಪ್ಟೆಂಬರ್ 29, ಮಂಗಳವಾರ ಬೆಳಿಗ್ಗೆ ಕುಡಚಡೆ ಠಾಣೆಗೆ ದೂರು ಬಂತು. ಅದಿರು ಲಾರಿ ಕಂಪನಿಯೊಂದರ ಲೆಕ್ಕಪತ್ರವೆಲ್ಲ ಇದ್ದ ಸರ್ವರ್ ಪೂರ್ತಿ ಅಳಿಸಿಹೋಗಿ ಲಾರಿಗಳೆಲ್ಲ ನಿಂತಿದ್ದವು. ಖಂಡೇನವಮಿಯ ಭಾನುವಾರ ಪೂಜೆಗೆಂದು ಯಂತ್ರಗಳನ್ನು ಆರಿಸಿದ್ದರು. ಮಧ್ಯಾಹ್ನ ಹೂವು ಗುಡಿಸಲು ಸರ್ವರ್ ಕೋಣೆಯ ಬೀಗ ತೆಗೆದು ಒಳಹೋದವಳು ಕಸಗುಡಿಸುವ ಲಕ್ಷ್ಮವ್ವ ಒಬ್ಬಳೇ. ಎಫ್ಐಆರ್ ಆಯಿತು. ಮ್ಯಾನೇಜರನಿಗಂತೂ ಅಪರಾಧಿ ಆಗಲೇ ಸಿಕ್ಕಿದ್ದಳು, ಪೊಲೀಸರು ಬರೀ ಬೇಡಿ ತರಬೇಕಿತ್ತು.

ಕೊಂಕಣಿ ಮಾತಿನ ಇನ್ಸ್‌ಪೆಕ್ಟರ್ ನಾಯ್ಕರಿಗೆ ಕನ್ನಡ ಬಾರದು. ಬಾಯ್ನಾ ಕೇರಿಯ ಕನ್ನಡ ಕೂಲಿಗಳ ನಡುವೆ ಬೆಳೆದ ಹೆಡ್ ಕಾನ್‌ಸ್ಟೆಬಲ್ ರಾಜಮಹ್ಮದನೇ ವಿಚಾರಣೆಗೆ ಕುಳಿತ.

"ಮಷಿನ್ ಮುಟ್ಟಿದೇನು, ಯವ್ವಾ?"

"ಇಲ್ರಿ. ತಾನಾಗೇ ಎದ್ತು. ದೀಪ ಹತ್ತಿ ಗುರ್ ಅಂತು. ಅಂಜಿ ಕೈ ಮುಗದು ಹೊರಗ ಬಂದೆ."

"ತಾನಾಗೇ?"

"ಖರೇ ರೀ. ಕೆಲಸ ಹೋದ್ರ ಹೋಗಲಿ, ಸುಳ್ಳು ಹೇಳಾಕಿ ಅನ್ನಿಸ್ಕೊಂಡು ಮನಿಗೆ ಹೆಂಗ ಹೋಗ್ಲಿ?"

ಅವಳನ್ನು ನಂಬಬೇಕೆಂದು ರಾಜಮಹ್ಮದನಿಗೆ ಬಹಳ ಅನಿಸಿತು. ಆದರೆ ಅನಿಸಿಕೆಯನ್ನು ಯಾವ ಕೋರ್ಟೂ ಕೇಳುವುದಿಲ್ಲ.

ಹನ್ನೊಂದೂವರೆಗೆ ಪಂಚನಾಮೆ ನಡೆಯಿತು. ಸರ್ವರಿನ ಪವರ್ ಗುಂಡಿಯ ಮೇಲೆ ಕುಂಕುಮ ಒಣಗಿತ್ತು, ಅದರಲ್ಲಿ ಅಕ್ಷತೆಯ ಕಾಳೊಂದು ಅಂಟಿ ನಿಂತಿತ್ತು. ಪೂಜೆಯ ಹೊತ್ತಿಗೆ ಅದನ್ನು ಹಚ್ಚಿದ್ದು ಸ್ವತಃ ಮ್ಯಾನೇಜರ್.

"ಸಾಹೇಬ್ರ, ಆಮ್ಯಾಲೆ ಯಾರಾದ್ರೂ ಇದನ್ನ ಒತ್ತಿದ್ರ ಈ ಕಾಳು ಉಳೀತಿತ್ತೇನ್ರಿ?" ಎಂದು ರಾಜಮಹ್ಮದ ಕೊಂಕಣಿಯಲ್ಲಿ ಕೇಳಿ ಮುಗಿಸುವಷ್ಟರಲ್ಲಿ ನಾಯ್ಕರು ಫೋಟೋಗ್ರಾಫರನನ್ನು ಕೂಗಿದ್ದರು.

ಪಣಜಿಯಿಂದ ಬಂದ ತಜ್ಞ ಗಂಟು ಬಿಡಿಸಿದ. ಆರಿಸಿಟ್ಟ ಸರ್ವರನ್ನು ಬೇರೆ ಕಂಪ್ಯೂಟರಿನಿಂದ ತಂತಿಯ ಮೂಲಕವೇ ಎಬ್ಬಿಸಬಹುದು. ಎದ್ದ ಯಂತ್ರ ತನ್ನ ಡಿಸ್ಕನ್ನು ಬಿಟ್ಟು, ತಂತಿಯಲ್ಲಿ ಬಂದ ಬೂಟ್ ಇಮೇಜ್, ಅಂದರೆ ಯಂತ್ರವನ್ನು ಶುರುಮಾಡುವ ತಂತ್ರಾಂಶ, ಹೇಳಿದಂತೆ ಕುಣಿಯುತ್ತದೆ. ಇದಕ್ಕೆ ಬಂದದ್ದು ಡಿಸ್ಕ್ ಅಳಿಸುವ ಇಮೇಜ್. ಕಳಿಸಿದ ಕಂಪ್ಯೂಟರ್ ಇದೇ ಆವರಣದಲ್ಲಿರಬೇಕು.

ರಾಜಮಹ್ಮದ ಗೋಡೆಯುದ್ದಕ್ಕೂ ಕೇಬಲ್ ಹಿಡಿದು ನಡೆದ. ಅದು ಅಂಗಳ ದಾಟಿ ಲಾರಿ ತೂಗುವ ಕಾಟಾ ಕ್ಯಾಬಿನ್ನಿಗೆ ಹೋಗಿತ್ತು. ಅಲ್ಲಿ ತೂಕ ಬರೆದುಕೊಳ್ಳುವ ಮಾಂತೇಶ ಕುಳಿತಿದ್ದ. ಅವನ ಕಂಪ್ಯೂಟರಿನಲ್ಲಿ ಆ ಇಮೇಜೂ ಇತ್ತು, ಸರ್ವರಿನ ಪೂರ್ತಿ ನಕಲೂ ಇತ್ತು.

"ಅಳಿಸಾಂವ ನಕಲು ಯಾಕ ಇಟ್ಟಿ?"

"ಆ ಸರ್ವರ್ ಕಟ್ಟಿದಾಂವ ನಾನ ರೀ. ಅದಕ್ಕ ಹೊಸಬನ್ನ ತಂದು, ನನ್ನನ್ನ ಈ ಕಾಟಾದಾಗ ಕುಂಡ್ರಿಸಿದ್ರು. ಕೆಟ್ರ ನನ್ನ ಕರೀತಾರ, ಸರಿಮಾಡಿ ಕೊಡೂಣಂತ ಮಾಡಿದ್ದೆ. ಹಬ್ಬದ ದಿನ ಒಳಗ ಯಾರೂ ಇರಾಂಗಿಲ್ಲ ಅನಕೊಂಡೆ."

"ಲಕ್ಷ್ಮವ್ವನ ಹೆಸರು ಬಂದಾಗರ ಬಾಯಿ ಬಿಡಬೇಕಿತ್ತಲ್ಲ?"

ಮಾಂತೇಶ ತಲೆ ತಗ್ಗಿಸಿದ. "ಕರೀತಾರಂತ ಕಾಯಾಕತ್ತಿದ್ದೆ ರೀ."

ಸಂಜೆ ಅವನ ಬಂಧನವಾಯಿತು. ಮರುದಿನ ತಜ್ಞ ಹೊಸ ಡಿಸ್ಕ್ ಹಾಕಿ, ಅದೇ ತಂತಿಯಿಂದ ಸರ್ವರನ್ನು ಎಬ್ಬಿಸಿ ನಕಲನ್ನು ತುಂಬಿದ. ಲಾರಿಗಳು ಹೊರಟವು, ಮ್ಯಾನೇಜರನಿಗೆ ಹೋದ ಜೀವ ಬಂತು.

ಠಾಣೆಯಲ್ಲಿ ಲಕ್ಷ್ಮವ್ವ ಹೇಳಿಕೆಗೆ ಹೆಬ್ಬೆಟ್ಟು ಒತ್ತುವ ಮೊದಲು ಕೇಳಿದಳು, "ತಾನಾಗೇ ಎದ್ತು ಅಂದದ್ದು ಬರದೀರೇನ್ರಿ?"

"ಬರದೀನಿ ಯವ್ವಾ. ಇಡೀ ಕೇಸ ಅದರ ಮ್ಯಾಲೆ ನಿಂತೈತಿ."

"ಹಂಗಾರ ಇನ್ನೊಮ್ಮೆ ಜೋರಾಗಿ ಓದ್ರಿ. ಮ್ಯಾನೇಜರ್ ಸಾಹೇಬ್ರು ಹೊರಗ ನಿಂತಾರ."

ರಾಜಮಹ್ಮದ ಎದ್ದು ನಿಂತು ಓದಿದ.