ನುಡಿಪಟ್ಟಿಯ ಕೀಲಿ

ನೀಲವ್ವನ ಕೊರಳಿಗೆ ಕಟ್ಟಿದ ನುಡಿಪಟ್ಟಿ ಅವಳ ಮನಸ್ಸಿನಲ್ಲಿ ಮೂಡಿದ ಪದಗಳನ್ನು ಹಿಡಿದು ಗೋಡೆಯ ಪರದೆಗೆ ಕಳಿಸಿತು. ಪರದೆ ಅವಳದೇ ದನಿಯಲ್ಲಿ, "ನಾ ಮನಿಗೆ..." ಎಂದಿತು. ಅಷ್ಟೇ, ಮತ್ತೆ ಮೂಕ.

"ಥೂ, ಇದರ ಮನಿ ಹಾಳಾಗ!" ಎಂದಳು ತಂತ್ರಜ್ಞೆ ಮಂದಾಕಿನಿ.

ಪಾರ್ಶ್ವವಾಯು ಬಡಿದು ಮಾತು ಕಳೆದುಕೊಂಡ ನೀಲವ್ವ ಗದಗಿನ ಆರೈಕೆ ಕೇಂದ್ರದಲ್ಲಿದ್ದಳು. ಇಲ್ಲೇ ಉಳಿಯುವುದೋ, ಗಂಡನ ಜೊತೆ ಮನೆಗೆ ಹೋಗುವುದೋ ಎಂಬುದನ್ನು ಅವಳೇ ಸಂಜೆಯೊಳಗೆ ವೈದ್ಯರಿಗೆ ಹೇಳಬೇಕಿತ್ತು.

"ಯಾಕ್ರೀ ಅಕ್ಕಾರ, ಅರ್ಧಕ್ಕ ನಿಲ್ಲತೈತಿ?" ಗಂಡ ಫಕೀರಪ್ಪ ಕೇಳಿದ.

"ತಪ್ಪೆಲ್ಲ ಪರದೆಯೊಳಗಿನ ಬ್ರೌಸರಿಂದು, ಯಜಮಾನ್ರ. ನಮ್ಮ ಪ್ರೋಗ್ರಾಮಿನ್ಯಾಗ ಎರಡು ಖಾನೆ ಅದಾವ. ಒಂದು ಆಡೋ ಮಾತಿಗೆ, ಇನ್ನೊಂದು ನುಂಗಿಕೊಂಡ ಮಾತಿಗೆ. ನುಂಗಿದ್ದಕ್ಕ ಕೀಲಿ ಹಾಕೇವಿ. ಕೀಲಿ ಹೊಸ ನಮೂನಿದು, ಈ ಹಳೇ ಬ್ರೌಸರ್ ಅದನ್ನ ಕಂಡಕೂಡ್ಲೆ ತಲಿ ಕೆಟ್ಟು ಕುಂದರತೈತಿ."

"ಹಂಗಾರ ಬ್ರೌಸರ್ ರಿಪೇರಿ ಮಾಡ್ರಲಾ."

"ಅದು ನನ್ನ ಕೈಯಾಗಿಲ್ರಿ! ಮಾಡಬೇಕಾದವರಿಗೆ ಹೇಳಿ ಹೇಳಿ ನನ್ನ ಬಾಯಿ ಒಣಗೇತಿ."

ಆ ಪರದೆಗಳನ್ನು ಊರೂರಿನ ಗೋಡೆಗೆ ಅಂಟಿಸಿದ ಪುಣ್ಯಾತ್ಮರು ಅವನ್ನು ಮರೆತೇ ಬಿಟ್ಟಿದ್ದರು. ಉಳಿದ ದಾರಿ ರೂಪಾಂತರಕ ಎಂಬ ತಂತ್ರಾಂಶವೊಂದೇ. ಹೊಸ ಜಾವಾಸ್ಕ್ರಿಪ್ಟ್ ಭಾಷೆಯ ಪ್ರೋಗ್ರಾಮನ್ನು ಅದು ಹಳೆಯ ಬ್ರೌಸರಿಗೆ ತಿಳಿಯುವ ಹಳೆಯ ರೀತಿಯಲ್ಲಿ ಬರೆದುಕೊಡುತ್ತದೆ. ಅದರ ಕಟ್ಟುನಿಟ್ಟಿನ ವಿಧಾನ ಕೀಲಿ ಹಾಕಿದ ಮಾತನ್ನು ಬೇರೆಡೆ ಬಚ್ಚಿಡುತ್ತದೆ. ಆದರೆ ಬೆಳಗಿನಿಂದ ಅದು ಎಡವುತ್ತಲೇ ಇತ್ತು. ಸಡಿಲ ವಿಧಾನವಾದರೋ ಕೀಲಿಯನ್ನೇ ಕಿತ್ತು, ಖಾನೆಗೊಂದು ವಿಚಿತ್ರ ಹೆಸರಿಟ್ಟು ಕೈತೊಳೆದುಕೊಳ್ಳುತ್ತದೆ. ಆ ಹೆಸರನ್ನು ಯಾರು ಹುಡುಕಿಕೊಂಡು ಹೋಗುತ್ತಾರೆ ಎಂದುಕೊಂಡು, ಬೇಸತ್ತ ಮಂದಾಕಿನಿ ಸಡಿಲವನ್ನೇ ಒತ್ತಿದಳು.

"ನಾ ಮನಿಗೆ ಬರೂದಿಲ್ಲ. ಇಲ್ಲೇ ಆರಾಮ ಅದೀನಿ" ಎಂದಿತು ಪರದೆ. ಫಕೀರಪ್ಪನ ಮುಖ ಸಪ್ಪಗಾಯಿತು.

ಪರದೆ ನಿಲ್ಲಲಿಲ್ಲ. "ಜೀವ ಎಲ್ಲಾ ಮನಿಯಾಗೈತಿ. ನಿಮ್ಮ ನಡಾ ಮೊದಲ ಹೋಗೇತಿ. ನನ್ನ ಎತ್ತಾಕ ಹೋಗಿ ನೀವ ಬಿದ್ದರ ನಾ ಏನ ಮಾಡ್ಲಿ?"

ನೀಲವ್ವ ಗಾಬರಿಯಿಂದ ಕಣ್ಣು ಮುಚ್ಚಿಕೊಂಡಳು. ಮಂದಾಕಿನಿಗೆ ಆಗ ಹೊಳೆಯಿತು. ಪ್ರೋಗ್ರಾಮಿನ ಓದುವ ಭಾಗ ಯಾವ ಹೆಸರನ್ನೂ ಹುಡುಕುವುದಿಲ್ಲ, ತೆರೆದ ಖಾನೆಗಳನ್ನೆಲ್ಲ ಸಾಲಾಗಿ ಓದುತ್ತ ಹೋಗುತ್ತದೆ. ಇದನ್ನು ತಾನೇ ಬರೆದು ತಾನೇ ಮರೆತಿದ್ದಳು.

"ತಪ್ಪಾತ್ರೀ ಅವ್ವಾರ, ಈಗ ಕೀಲಿ ಹಾಕತೇನಿ."

"ಹಂಗ ಇರ್ಲಿ ಬಿಡ್ರಿ ಅಕ್ಕಾರ," ಫಕೀರಪ್ಪ ಅಂಗಲಾಚಿದ. "ಮದವಿ ಆದಾಗಿಂದ ಇಕಿ ಹಿಂಗ ಮಾತಾಡಿದ್ದ ಇಲ್ಲ."

"ಅದು ಅವರ ಗುಟ್ಟು, ಯಜಮಾನ್ರ. ನಂದೂ ಅಲ್ಲ, ನಿಮ್ದೂ ಅಲ್ಲ."

ಬೈಯುತ್ತ, ತಿದ್ದುತ್ತ, ಕಡೆಗೂ ಅವಳು ಕಟ್ಟುನಿಟ್ಟಿನ ವಿಧಾನವನ್ನೇ ದಡ ಮುಟ್ಟಿಸಿದಳು.

ಫಕೀರಪ್ಪ ಹೆಂಡತಿಯ ಪಕ್ಕ ಕೂತ. "ನಿನ್ನ ಎತ್ತಾಕ ನನ್ನ ತಮ್ಮನ್ನ ಕರೀತೇನಿ, ನಾ ಎತ್ತೂದಿಲ್ಲ. ಬರ್ತೀಯೇನು?"

ಪರದೆ ಮೌನ.

"ಅಯ್ಯೋ, ಮತ್ತ ಕೆಟ್ಟತಾ!" ಮಂದಾಕಿನಿ ಸಾಲು ಸಾಲಾಗಿ ತಪಾಸಣೆ ಮಾಡಿದಳು. ಎಲ್ಲೂ ದೋಷವಿರಲಿಲ್ಲ. ನೀಲವ್ವ ಬೇಕೆಂದೇ ಸುಮ್ಮನಿದ್ದಳು.

ಫಕೀರಪ್ಪ ಉತ್ತರಕ್ಕೆ ಕಾಯದೆ ಎದ್ದು, ಕಪಾಟಿನಿಂದ ಅವಳ ಬಟ್ಟೆಗಳನ್ನು ತೆಗೆದು ಚೀಲಕ್ಕೆ ತುಂಬತೊಡಗಿದ.

ಆಗ ಪರದೆ ಮಾತಾಡಿತು: "ಸೀರಿ ಹಂಗ ಮುದ್ದಿ ಮಾಡಿ ತುರಕಬ್ಯಾಡ್ರಿ. ಮಡಿಚಿ ಇಡ್ರಿ."