ನಗಿಸಬೇಡಿ, ಹೊಲಿಗೆ ಇದೆ

"ದಯವಿಟ್ಟು ಬಾಯಿ ಮುಚ್ಚಿ! ನಿಮ್ಮ ದನಿ ನನ್ನ ಕಿವಿಗೆ ಬೀಳಬಾರದು!"

ಇಡೀ ವಾರ್ಡು ಒಮ್ಮೆಗೇ ಆ ಕಡೆ ತಿರುಗಿತು.

ಕೂಗಿದವಳು ಕಿಟಕಿ ಪಕ್ಕದ ಮಂಚದವಳು. ಹಿಂದಿನ ದಿನವಷ್ಟೇ ಕಲ್ಲು ತುಂಬಿದ್ದ ಪಿತ್ತಕೋಶ ತೆಗೆಸಿಕೊಂಡು, ಹೊಟ್ಟೆಯ ಮೇಲೆ ಸಣ್ಣ ಸಣ್ಣ ಹೊಲಿಗೆ ಹಾಕಿಸಿಕೊಂಡು ಮಲಗಿದ್ದವಳು. ಈಗ ಎರಡೂ ಕೈಯಿಂದ ಹೊಟ್ಟೆ ಒತ್ತಿ ಹಿಡಿದಿದ್ದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು.

ಅವಳನ್ನು ಯಾರೂ ಹೊಡೆದಿರಲಿಲ್ಲ, ಬೈದಿರಲಿಲ್ಲ. ನಗಿಸಿದ್ದರು, ಅಷ್ಟೇ!

ನಗಿಸಿದವನು ಪಕ್ಕದ ಮಂಚದ ಹಿರಿಯ ಹೆಂಗಸಿನ ಅಣ್ಣನ ಮಗ. ಡ್ರೈವಿಂಗ್ ಶಾಲೆ ನಡೆಸುವ ಮೇಷ್ಟ್ರು. ಅವನ ಅತ್ತೆಗೂ ಅದೇ ದಿನ ಅದೇ ಆಪರೇಷನ್ ಆಗಿತ್ತು. ನೋಡಲು ಬಂದವನು ಸ್ಟೂಲು ಎಳೆದುಕೊಂಡು ಕೂತು, ತನ್ನ ಹೊಸ ಶಿಷ್ಯನ ಕಥೆ ಶುರು ಮಾಡಿದ್ದ.

"ಅತ್ತೆ, ನಮ್ಮ ರಿಟೈರ್ಡ್ ಜಡ್ಜು ಸಾಹೇಬ್ರು ಇದಾರಲ್ಲ, ಅವ್ರು ಬಲಕ್ಕೆ ತಿರುಗಲ್ಲ ಅಂದ್ರೆ ತಿರುಗಲ್ಲ! ಎಡಕ್ಕೆ, ಮತ್ತೆ ಎಡಕ್ಕೆ, ಮತ್ತೂ ಎಡಕ್ಕೆ... ಎದುರಿಗಿರೋ ಪೋಸ್ಟಾಫೀಸಿಗೆ ಹೋಗೋಕೆ ಊರೆಲ್ಲಾ ಸುತ್ತು! ಹಿಂದಿನವನು ಹಾರ್ನ್ ಹೊಡೆದ್ರೆ ಕಾರು ನಿಲ್ಸಿ, ಕಿಟಕಿ ಇಳಿಸಿ, 'ನಿಮ್ಮ ವಾದ ಮುಗೀತಾ?' ಅಂತಾರೆ. ನಿನ್ನೆ ಹೀಗೇ ಎಡಕ್ಕೆ ಎಡಕ್ಕೆ ಹೋಗಿ ಒಂದು ಮದುವೆ ಮೆರವಣಿಗೆ ಒಳಗೆ ಸಿಕ್ಕೊಂಡ್ವಿ. ಮುಂದೆ ಮದುಮಗನ ಕಾರು, ಹಿಂದೆ ನೆಂಟರ ಬಸ್ಸು, ಮಧ್ಯ ನಾವು. ನಮ್ಮ ತಲೆ ಮೇಲೆ ಬೋರ್ಡು... 'ಕಲಿಯುತ್ತಿದ್ದಾರೆ, ದೂರವಿರಿ'!"

ಅಲ್ಲಿಗೆ ಕಿಟಕಿ ಪಕ್ಕದವಳ ಕಥೆ ಮುಗಿದಿತ್ತು. ನಗು ಹೊಟ್ಟೆಯಿಂದ ಎದ್ದಿತು, ಹೊಲಿಗೆಗಳು ಬೆಂಕಿಯ ಹಾಗೆ ಉರಿದವು.

ನರ್ಸಮ್ಮ ಓಡಿಬಂದರು. "ಏನ್ರೀ ಮೇಷ್ಟ್ರೇ, ಪೇಷೆಂಟನ್ನ ನಗಿಸ್ತೀರಲ್ಲ! ಹೊಲಿಗೆ ಬಿಚ್ಕೊಂಡ್ರೆ ನೀವು ಬಂದು ಹೊಲೀತೀರಾ?"

ಅವನ ಮುಖ ಬಿಳಿಚಿಕೊಂಡಿತು. "ತಪ್ಪಾಯ್ತು... ಕ್ಷಮಿಸಿ," ಎಂದು ಎದ್ದವನು ಬಾಗಿಲ ಬಳಿ ಒಮ್ಮೆ ತಿರುಗಿ ಅವಳ ಒದ್ದೆ ಕಣ್ಣು ನೋಡಿ ಹೊರಟೇಹೋದ.

ನೋವು ಇಳಿದ ಮೇಲೆ ಅವಳಿಗೆ ಮೊದಲು ಹೊಳೆದದ್ದೇನು ಗೊತ್ತೇ? 'ಅಯ್ಯೋ... ಆಮೇಲೆ ಏನಾಯ್ತು?'

ಆದರೆ ಕೇಳುವ ಜಾಯಮಾನ ಅವಳದ್ದಲ್ಲ. ಪರದೆ ಅಂಗಡಿಯಲ್ಲಿ ಅಳತೆ ತೆಗೆದು ಹೊಲಿಯುವ ಕೆಲಸ ಅವಳದು. ಬಟ್ಟೆಯ ಮಡಿಕೆಗಳ ಹಾಗೆ ತನ್ನ ಮಾತುಗಳನ್ನೂ ಒಳಗೊಳಗೇ ಮಡಚಿಡುವವಳು. ಕೆಲವು ವರ್ಷಗಳ ಹಿಂದೆ ಒಬ್ಬ ಅವಳನ್ನು ಮೆಚ್ಚಿದ್ದ. ಮೆಲ್ಲಗೆ ಫೋನು ಕಡಿಮೆ ಮಾಡಿದ, ಒಂದು ದಿನ ನಿಲ್ಲಿಸಿಯೇಬಿಟ್ಟ. ಯಾಕೆ ಅಂತ ಇವಳು ಕೇಳಲೇ ಇಲ್ಲ! ಆ ಪ್ರಶ್ನೆ ಇವತ್ತಿಗೂ ಒಳಗೇ ಇತ್ತು.

"ಗುಮ್ಮನಗುಸುಕಿ ನೀನು," ಅಂತ ಅಕ್ಕ ಆಸ್ಪತ್ರೆಯಲ್ಲೂ ಬೈದಿದ್ದಳು. "ಎಲ್ಲಾ ಹೊಟ್ಟೇಲಿ ಇಟ್ಕೊಂಡ್ರೆ ಕಲ್ಲಾಗ್ದೆ ಇನ್ನೇನಾಗುತ್ತೆ?"

ಅವಳಿಗೂ ಮೇಷ್ಟ್ರ ಅತ್ತೆಗೂ ಒಂದೇ ದಿನ ಬಿಡುಗಡೆಯಾಯಿತು. ಅಕ್ಕ ಟ್ಯಾಕ್ಸಿಗೆ ಕೈ ಅಡ್ಡ ಹಾಕುತ್ತಿದ್ದಾಗ ಪಕ್ಕದ ಮಂಚದ ಅಮ್ಮ ತಡೆದರು. "ನಮ್ಮ ವಟವಟನ ಕಾರಿರುವಾಗ ಟ್ಯಾಕ್ಸಿ ಯಾಕಮ್ಮಾ? ಹತ್ತಿ, ಹತ್ತಿ!"

ವಟವಟ ಎಂದರೆ ಆ ಮೇಷ್ಟ್ರೇ. ಹುಟ್ಟಿದಾಗಿನಿಂದ ಬಾಯಿ ಮುಚ್ಚದವನಿಗೆ, ಅವನ ಜೊತೆ ಒಂದೇ ಮನೆಯಲ್ಲಿರುವ ಅತ್ತೆ ಇಟ್ಟ ಹೆಸರು.

ಅವನು ಒಂದು ಪುಟ್ಟ ದಿಂಬು ತಂದು, ಸೀಟ್ ಬೆಲ್ಟಿಗೂ ಅವಳ ಹೊಟ್ಟೆಗೂ ಮಧ್ಯೆ ಇಟ್ಟುಕೊಳ್ಳಲು ಕೊಟ್ಟ. ರಸ್ತೆಯ ಪ್ರತಿ ಉಬ್ಬಿನ ಮುಂದೆಯೂ ಕಾರು ಆಮೆಯಾಯಿತು. ಆದರೆ ಮನೆ ಬರುವವರೆಗೂ ಒಂದೇ ಒಂದು ಮಾತು? ಊಹೂಂ!

"ಏನೋ, ನಾಲಿಗೆ ಆಸ್ಪತ್ರೇಲೇ ಬಿಟ್ಟು ಬಂದ್ಯಾ?" ಅಂದರು ಅತ್ತೆ.

ಅವನು ಕನ್ನಡಿಯಲ್ಲಿ ಹಿಂದೆ ನೋಡಿದ. ದಿಂಬು ಅಪ್ಪಿ ಕೂತವಳ ಕಣ್ಣು ಸಿಕ್ಕಿತು. ತಕ್ಷಣ ರಸ್ತೆ ನೋಡತೊಡಗಿದ.

'ನಾನು ಹಾಗೆ ಕೂಗಬಾರದಿತ್ತು...' ಎಂದುಕೊಂಡಳು. ಹೇಳಲಿಲ್ಲ.

ಅಕ್ಕನ ಮನೆಯ ಮೂಲೆಯ ಕೋಣೆಯಲ್ಲಿ ಅವಳ ಆರೈಕೆ ನಡೆಯಿತು. ಎಣ್ಣೆ ಇಲ್ಲ, ಬೆಣ್ಣೆ ಇಲ್ಲ. ಬೆಂದ ತರಕಾರಿ, ತೆಳು ಗಂಜಿ. ಏಳಬೇಕಾದರೆ ಮೊದಲು ಪಕ್ಕಕ್ಕೆ ಹೊರಳಿ, ಮೊಣಕೈ ಊರಿ, ಆಮೇಲೆ ಏಳಬೇಕು. ಕೆಮ್ಮು ಬಂದರೆ ದಿಂಬು ಒತ್ತಿಕೊಳ್ಳಬೇಕು. ಇದರ ಮೇಲೆ ವಿಚಿತ್ರವೆಂದರೆ ಭುಜದ ನೋವು.

"ಕೊಯ್ದಿದ್ದು ಹೊಟ್ಟೆ, ನೋಯೋದು ಭುಜ! ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದ ಹಾಗಾಯ್ತಲ್ಲೇ!" ಅಂತ ಪಕ್ಕದ ಮಂಚದ ಅಮ್ಮ ಫೋನಿನಲ್ಲಿ ಗೋಳಾಡಿದರು. "ಆಪರೇಷನ್ ಹೊತ್ತಲ್ಲಿ ಹೊಟ್ಟೆಗೆ ತುಂಬ್ಸಿದ ಗಾಳಿ ಅಂತೆ. ನಾಲ್ಕು ಹೆಜ್ಜೆ ನಡೆದ್ರೆ ಹೋಗುತ್ತಂತೆ. ನಡೀತಿದೀಯಾ?"

ದಿನವೂ ಇಬ್ಬರೂ ಇಂತಹದ್ದನ್ನೇ ಮಾತಾಡಿಕೊಳ್ಳುತ್ತಿದ್ದರು. ಅಮ್ಮ ತಮ್ಮ ಹೊಟ್ಟೆಯಿಂದ ತೆಗೆದ ಕಲ್ಲುಗಳನ್ನು ಸಣ್ಣ ಸೀಸೆಯಲ್ಲಿಟ್ಟು, ಬಂದ ನೆಂಟರಿಗೆಲ್ಲ ಮೊಮ್ಮಕ್ಕಳ ಫೋಟೋ ತೋರಿಸುವ ಹಾಗೆ ತೋರಿಸುತ್ತಿದ್ದರಂತೆ!

ಸಂಜೆಗಳಲ್ಲಿ ಅವನು ಬರುತ್ತಿದ್ದ. ಅತ್ತೆ ಕಳಿಸಿದ ಹಣ್ಣು, ಎಣ್ಣೆಯಿಲ್ಲದ ಬಿಸ್ಕತ್ತು, ಒಮ್ಮೆ ಭುಜಕ್ಕೆ ಬಿಸಿನೀರಿನ ಚೀಲ. ಬಾಗಿಲಲ್ಲೇ ಕೊಟ್ಟು, "ಹೇಗಿದೀರಿ?" ಎಂದು ಕೇಳಿ, ಉತ್ತರ ಮುಗಿಯುವಷ್ಟರಲ್ಲಿ ಮೆಟ್ಟಿಲಿಳಿದಿರುತ್ತಿದ್ದ.

ಆದರೂ ಸಂಜೆಯಾದರೆ ಅವಳ ಕಿವಿ ಮೆಟ್ಟಿಲ ಕಡೆಗೇ ಇರುತ್ತಿತ್ತು. ಏನಾಗಿದೆ ನನಗೆ...? ಒಂದು ಹಣ್ಣಿನ ಚೀಲಕ್ಕೆ ಇಷ್ಟು ಕಾಯಬೇಕೇ?

ಕಾಯುತ್ತಿದ್ದದ್ದು ಹಣ್ಣಿಗಲ್ಲ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಪಾಪ, ಅವಳಿಗೆ ಗೊತ್ತಾಗಲು ಇನ್ನೂ ಸ್ವಲ್ಪ ಸಮಯ ಬೇಕಿತ್ತು.

ತಪಾಸಣೆಗೆ ಅವಳೂ ಪಕ್ಕದ ಮಂಚದ ಅಮ್ಮನೂ ಒಟ್ಟಿಗೇ ಹೋದರು. ಡಾಕ್ಟರು ಹೊಲಿಗೆ ನೋಡಿ ತಲೆಯಾಡಿಸಿದರು.

"ಪಿತ್ತಕೋಶ ಹೋಯ್ತು, ಇನ್ನು ಪಿತ್ತಾನೇ ಇರಲ್ವಾ ಡಾಕ್ಟ್ರೇ?" ಅಮ್ಮ ಕೇಳಿದರು.

"ಇರುತ್ತಮ್ಮಾ. ಅದನ್ನ ಮಾಡೋದು ಲಿವರು. ಪಿತ್ತಕೋಶ ಅಂದ್ರೆ ಬರೀ ಕೂಡಿಡೋ ಚೀಲ. ಈಗ ಕೂಡಿಡೋಕೆ ಜಾಗ ಇಲ್ಲ, ಅದಕ್ಕೆ ಸ್ವಲ್ಪ ಸ್ವಲ್ಪವಾಗಿ ಹರೀತಾ ಇರುತ್ತೆ."

"ಅಂದ್ರೆ ಪಿತ್ತ ನೆತ್ತಿಗೇರೋದು ಮಾತ್ರ ತಪ್ಪಲ್ಲ ಅನ್ನಿ!"

ಡಾಕ್ಟರು ನಕ್ಕರು. ಇವಳು ಮಾತ್ರ ಆ ಮಾತಿಗೇ ಅಂಟಿಕೊಂಡಳು. ಕೂಡಿಡೋಕೆ ಜಾಗ ಇಲ್ಲ...

ಅವಳು ಅರ್ಧ ದಿನದ ಲೆಕ್ಕದಲ್ಲಿ ಅಂಗಡಿಗೆ ಹೋಗತೊಡಗಿದಳು. ಬಟ್ಟೆಯ ಭಾರದ ಸುರುಳಿ ಎತ್ತುವಂತಿಲ್ಲ, ಏಣಿ ಹತ್ತುವಂತಿಲ್ಲ. ಕಿಟಕಿಯ ಪಕ್ಕ ಕೂತು ಅಂಚು ಹೊಲಿಯುವುದು. ಅಲ್ಲಿಂದ ರಸ್ತೆ ಕಾಣುತ್ತಿತ್ತು. ರಸ್ತೆಯಲ್ಲಿ ತಲೆಯ ಮೇಲೆ ಬೋರ್ಡು ಹೊತ್ತ ಅವನ ಕಾರು ಹೋಗುತ್ತಿತ್ತು. ಬೆಳಿಗ್ಗೆ ಒಮ್ಮೆ, ಮತ್ತೆ ಒಮ್ಮೆ, ಮತ್ತೂ ಒಮ್ಮೆ... ಕಲಿಯುವವರ ದಾರಿ ಇದೇ ಇರಬೇಕು ಎಂದುಕೊಂಡಳು. ಅವನು ಒಮ್ಮೆಯೂ ನಿಲ್ಲಿಸಲಿಲ್ಲ. ಅವಳು ತಲೆಯೆತ್ತುವಷ್ಟರಲ್ಲಿ ಮುಖ ಆಚೆಗಿರುತ್ತಿತ್ತು.

ಅದೇ ದಿನಗಳಲ್ಲಿ ಅಂಗಡಿ ಯಜಮಾನಿ ಕರೆದು ಹೇಳಿದರು. "ದೂರದ ಊರಲ್ಲಿ ಹೊಸ ಅಂಗಡಿ ತೆಗೀತಿದೀನಿ. ನೀನೇ ನೋಡ್ಕೋಬೇಕು. ನಿನ್ನ ಕೈ ಕೆಳಗೆ ನಾಲ್ಕು ಜನ ಇರ್ತಾರೆ. ಸೋಮವಾರ ಹೇಳು."

ಎಷ್ಟು ವರ್ಷಗಳಿಂದ ಕಾದಿದ್ದ ಅವಕಾಶ! ಆದರೆ ಮನಸ್ಸು ಕುಣಿಯಲಿಲ್ಲ. ಯಾಕೆ...?

ವಿಷಯ ತಿಳಿಸಲು ಪಕ್ಕದ ಮಂಚದ ಅಮ್ಮನ ಮನೆಗೆ ಹೋದಳು. ಬಾಗಿಲ ಹೊರಗೇ ಅವನ ದನಿ ಕೇಳಿಸಿತು. ಯಾರದೋ ದನಿ ಅಣಕಿಸುತ್ತಿದ್ದ, ಅಮ್ಮ "ಸಾಕೋ, ಸಾಕೋ!" ಎಂದು ಬಿದ್ದು ಬಿದ್ದು ನಗುತ್ತಿದ್ದರು. ಇವಳ ತುಟಿಯೂ ಅರಳಿತು. ಕರೆಗಂಟೆ ಒತ್ತಿದಳು.

ಬಾಗಿಲು ತೆರೆದವನು ಅವನೇ. ಇವಳನ್ನು ಕಂಡದ್ದೇ ಮುಖದ ನಗು ಆರಿಹೋಯಿತು. ದೀಪ ಊದಿ ಆರಿಸಿದ ಹಾಗೆ!

"ಬನ್ನಿ," ಅಂದ. ಮೂಲೆಯ ಕುರ್ಚಿಯಲ್ಲಿ ಕೂತು ಚಾವಣಿ ನೋಡತೊಡಗಿದ.

ಅವಳ ಎದೆ ಚುರ್ ಎಂದಿತು. 'ಎಲ್ಲರ ಹತ್ತಿರವೂ ಮಾತಿದೆ, ನಗುವಿದೆ. ನನ್ನ ಮುಂದೆ ಮಾತ್ರ ಬಾಯಿಗೆ ಬೀಗ. ನಾನು ಅಷ್ಟು ಬೇಡವಾದವಳೇ?'

"ನಂಗೆ ಬೇರೆ ಊರಲ್ಲಿ ಕೆಲಸ ಬಂದಿದೆ," ಎಂದಳು, ಅಮ್ಮನ ಕಡೆ ನೋಡುತ್ತ.

ಅಮ್ಮ ಅಣ್ಣನ ಮಗನ ಕಡೆ ನೋಡಿದರು. ಅವನು ಕುರ್ಚಿಯಿಂದ ಎದ್ದು, "ಒಳ್ಳೇದಾಗ್ಲಿ," ಎಂದು ಹೊರಗೆ ಹೋದ.

ಅಷ್ಟೇ! ಒಂದೇ ಮಾತು!

ಭಾನುವಾರ ಅವಳು ಪೆಟ್ಟಿಗೆ ತೆಗೆದು ಬಟ್ಟೆ ಜೋಡಿಸತೊಡಗಿದಳು. ಅವನು ಕೊಟ್ಟಿದ್ದ ದಿಂಬು ಕೈಗೆ ಸಿಕ್ಕಿತು. ಎದೆಗವಚಿಕೊಂಡು ಹಾಸಿಗೆಯ ತುದಿಯಲ್ಲಿ ಕೂತಳು. ಗಂಟಲಿಗೆ ಏನೋ ಕಹಿಯಾಗಿ ಬಂದು ನಿಂತಿತ್ತು. ಯಥಾಪ್ರಕಾರ ಅದನ್ನು ನುಂಗಿ, ಒಳಗೆ ಮಡಚಿಡಲು ನೋಡಿದಳು. ಆಗಲಿಲ್ಲ.

ಕೂಡಿಡೋಕೆ ಜಾಗ ಇಲ್ಲ.

ಹೋದ ಸಲ ಯಾಕೆ ಅಂತ ಕೇಳದೆ ಬಿಟ್ಟೆ. ಈ ಸಲವೂ ಕೇಳದೆ ಹೋದರೆ... ಆ ಪ್ರಶ್ನೆಯೂ ನನ್ನೊಳಗೆ ಕಲ್ಲಾಗಿ ಕೂರುತ್ತದೆ! ಅವನು ಬೇಡ ಅನ್ನಲಿ. ಆದರೆ ಬಾಯಿಬಿಟ್ಟು ಅನ್ನಲಿ.

ಸೋಮವಾರ ಬೆಳಿಗ್ಗೆ ಅಂಗಡಿಗೆ ಹೋಗದೆ ಪಕ್ಕದ ಬೀದಿಯ ತಿರುವಿನಲ್ಲಿ ನಿಂತಳು. ಬೋರ್ಡು ಹೊತ್ತ ಕಾರು ಒಮ್ಮೆ ಹೋಯಿತು. ಧೈರ್ಯ ಸಾಲಲಿಲ್ಲ. ಎರಡನೇ ಸಲ ಬಂದಾಗ ರಸ್ತೆಗಿಳಿದು ಕೈ ಅಡ್ಡ ಹಿಡಿದಳು.

ಕಾರಿನೊಳಗಿಂದ ಒಂದು ಕಿರುಚಾಟ! ಕಲಿಯುತ್ತಿದ್ದವರು ಸ್ಟೇರಿಂಗ್ ಬಿಟ್ಟು ಕಣ್ಣು ಮುಚ್ಚಿಕೊಂಡರು. ಮೇಷ್ಟ್ರ ಕಾಲ ಬಳಿಯೂ ಒಂದು ಬ್ರೇಕ್ ಇದ್ದದ್ದರಿಂದ ನಮ್ಮ ಕಥೆ ಇಲ್ಲಿಗೇ ಮುಗಿಯಲಿಲ್ಲ.

ಅವಳು ಹಿಂದಿನ ಬಾಗಿಲು ತೆರೆದು ಕೂತಳು. "ನಂಗೊಂದು ಮಾತು ಕೇಳ್ಬೇಕು. ನನ್ನ ಕಂಡ್ರೆ ನಿಮಗೆ ಯಾಕಾಗಲ್ಲ?"

ಮುಂದೆ ಕೂತವರು ತಿರುಗಿದರು. ವಾರ್ಡಿನ ನರ್ಸಮ್ಮ! "ಅಯ್ಯೋ, ನೀವಾ? ನಾನು ಇಳಿದು ಹೋಗ್ಲಾ?"

"ಬೇಡ ಸಿಸ್ಟರ್, ಕೂತ್ಕೊಳ್ಳಿ," ಎಂದು ಅವಳು ಅವನ ಕಡೆ ತಿರುಗಿದಳು. "ಎಲ್ಲರನ್ನೂ ನಗಿಸ್ತೀರಿ. ನನ್ನ ಕಂಡ ಕೂಡಲೇ ಮುಖ ಗಂಟು. ನಾನೇನು ತಪ್ಪು ಮಾಡಿದೀನಿ?"

ಅವನು ಕನ್ನಡಿಯಲ್ಲಿ ಅವಳನ್ನು ನೋಡಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

"ನೀವೇ ಹೇಳಿದ್ರಲ್ಲ... ನನ್ನ ದನಿ ನಿಮ್ಮ ಕಿವಿಗೆ ಬೀಳಬಾರದು ಅಂತ."

"ಅದು... ನೋವಲ್ಲಿ ಹೇಳಿದ್ದು!"

"ಆ ನೋವು ಕೊಟ್ಟಿದ್ದು ನಾನೇ ತಾನೇ? ಹೊಲಿಗೆ ಹಿಡ್ಕೊಂಡು ಅತ್ತಿರಲ್ಲ, ಅದು ನನ್ನ ಕಣ್ಣಿಂದ ಹೋಗ್ಲೇ ಇಲ್ಲ. ನಗಿಸಬೇಡಿ ಅಂದ್ರು ಸಿಸ್ಟರು. ಸರಿ, ವಾಸಿಯಾಗೋವರೆಗೂ ನಿಮ್ಮ ಮುಂದೆ ಬಾಯಿ ಬಿಡಬಾರದು ಅಂದ್ಕೊಂಡೆ. ತಮಾಷೆ ಬಿಟ್ರೆ ನಂಗೆ ಬೇರೆ ಮಾತು ಬರಲ್ಲ. ಬರ್ತಿದ್ದದ್ದು ಒಂದೇ ಒಂದು. ಅದನ್ನ ಹೇಳೋ ಧೈರ್ಯ ಇರಲಿಲ್ಲ."

ನರ್ಸಮ್ಮ ಇಬ್ಬರನ್ನೂ ನೋಡಿ ಹಣೆ ಚಚ್ಚಿಕೊಂಡರು.

"ನಾನು ಹೇಳಿದ್ದು ಹೊಲಿಗೆ ಮಾಗೋವರೆಗೆ, ಮೇಷ್ಟ್ರೇ! ಜನ್ಮಪೂರ್ತಿ ಅಲ್ಲ! ಇವರು ನಗಬಹುದು. ಹೊಟ್ಟೆ ತುಂಬಾ ನಗಬಹುದು. ಸರಿ, ನನ್ನ ಡ್ಯೂಟಿಗೆ ಹೊತ್ತಾಯ್ತು."

ಅವರು ಇಳಿದು, ಹಿಂದಿರುಗಿ ನೋಡದೆ ಆಸ್ಪತ್ರೆಯ ಕಡೆ ನಡೆದರು. ಅವನು ಸ್ಟೇರಿಂಗಿನ ಮುಂದೆ ಬಂದು ಕೂತ. ಅವಳು ಅವನ ಪಕ್ಕಕ್ಕೆ ಬಂದಳು.

"ಆಮೇಲೆ ಏನಾಯ್ತು?" ಮೆಲ್ಲಗೆ ಕೇಳಿದಳು.

"ಯಾವಾಗ?"

"ಮದುವೆ ಮೆರವಣಿಗೇಲಿ... ಜಡ್ಜು ಸಾಹೇಬ್ರು."

ಅವನ ಮುಖದಲ್ಲಿ ಆರಿದ್ದ ದೀಪ ಮತ್ತೆ ಹತ್ತಿತು. "ಅಯ್ಯೋ, ಅಲ್ಲಿಂದ ಹೊರಗೆ ಬರೋಷ್ಟರಲ್ಲಿ ಇಬ್ಬರಿಗೂ ಊಟಕ್ಕೆ ಎಲೆ ಹಾಕಿದ್ರು! ಹುಡುಗಿ ಕಡೆಯವರು ನಮ್ಮನ್ನ ಹುಡುಗನ ಕಡೆ ಅಂದ್ಕೊಂಡ್ರು, ಹುಡುಗನ ಕಡೆಯವರು ಹುಡುಗಿ ಕಡೆ ಅಂದ್ಕೊಂಡ್ರು. ಜಡ್ಜು ಸಾಹೇಬ್ರು ಎರಡು ಸಲ ಪಾಯಸ ಹಾಕಿಸ್ಕೊಂಡು, 'ತೀರ್ಪು ನಾಳೆ' ಅಂತ ಎದ್ರು!"

ಅವಳು ನಕ್ಕಳು. ಅಭ್ಯಾಸಬಲದಿಂದ ಕೈ ಹೊಟ್ಟೆಗೆ ಹೋಯಿತು. ನೋಯಲಿಲ್ಲ! ಮತ್ತೆ ನಕ್ಕಳು. ಕಣ್ಣಲ್ಲಿ ನೀರು ಬರುವವರೆಗೆ, ಎಷ್ಟೋ ವರ್ಷಗಳದ್ದೆಲ್ಲ ಹೊರಗೆ ಬರುವವರೆಗೆ ನಕ್ಕಳು.

"ಕೊನೆಗೊಂದಿನ ಕೇಳ್ದೆ," ಅವನ ದನಿ ತಗ್ಗಿತು. "ಬಲಕ್ಕೆ ತಿರುಗೋಕೆ ಅಷ್ಟು ಭಯಾನಾ ಸರ್ ಅಂತ. ಅದಕ್ಕವರು, 'ಭಯ ಅಲ್ಲಪ್ಪಾ. ಈ ಬೀದಿಲಿ ಒಬ್ಬರು ಇದ್ದಾರೆ. ಬಲಕ್ಕೆ ತಿರುಗಿದ್ರೆ ಅವರ ಮನೆ ಒಂದೇ ಸಲ ಸಿಗುತ್ತೆ. ಎಡಕ್ಕೆ ಎಡಕ್ಕೆ ಹೋಗ್ತಾ ಇದ್ರೆ, ಮತ್ತೆ ಮತ್ತೆ ಸಿಗುತ್ತೆ' ಅಂದ್ರು."

ಅವಳ ನಗು ನಿಂತಿತು. ಅಂಗಡಿಯ ಕಿಟಕಿ, ಮತ್ತೆ ಮತ್ತೆ ಹಾದುಹೋಗುತ್ತಿದ್ದ ಕಾರು... ಎಲ್ಲ ಒಮ್ಮೆಗೇ ಕಣ್ಮುಂದೆ ಬಂತು.

"ಅಂದ್ರೆ... ನೀವೂ?"

"ಈ ತಿಂಗಳು ನನ್ನ ಶಿಷ್ಯರೆಲ್ಲ ಪರೀಕ್ಷೇಲಿ ಬಲಕ್ಕೆ ತಿರುಗೋದ್ರಲ್ಲೇ ಫೇಲು!" ಅವನು ತಲೆ ತಗ್ಗಿಸಿದ. "ನೀವು ಆ ಊರಿಗೆ ಹೋಗಿ. ಒಳ್ಳೇ ಕೆಲಸ, ಬಿಡಬೇಡಿ. ಅಲ್ಲೂ ಡ್ರೈವಿಂಗ್ ಕಲಿಯೋರು ಇರ್ತಾರೆ. ನೀವು ಹೂಂ ಅಂದ್ರೆ ನಾನೂ ಬರ್ತೀನಿ."

"ಅಮ್ಮ?"

"ಅತ್ತೆ ನಿನ್ನೆನೇ ಗಂಟು ಕಟ್ಟಿದ್ದಾರೆ. ಕಲ್ಲಿನ ಸೀಸೆ ಸಮೇತ!"

ಅವಳು ಏನನ್ನೂ ಮಡಚಿಡಲಿಲ್ಲ. "ನಾನು ದಿನಾ ಸಂಜೆ ನಿಮ್ಮ ಹೆಜ್ಜೆ ಸದ್ದಿಗೆ ಕಾಯ್ತಿದ್ದೆ," ಎಂದಳು. "ನೀವಂದ್ರೆ ನಂಗೆ ತುಂಬಾ ಇಷ್ಟ."

ಅವನಿಗೆ, ಆ ವಟವಟನಿಗೆ, ಮಾತೇ ಹೊರಡಲಿಲ್ಲ. ಗೇರಿನ ಮೇಲಿದ್ದ ಅವನ ಕೈಯ ಮೇಲೆ ಅವಳು ತನ್ನ ಕೈ ಇಟ್ಟಳು.

ಅವನು ಇನ್ನೊಂದು ಕೈಯಿಂದ ಕಾರಿನ ಕೀಲಿ ತಿರುಗಿಸಿದ. "ಯಜಮಾನಿ ಕಾಯ್ತಿರ್ತಾರೆ. ಬಲಕ್ಕೆ ತಿರುಗಿಸ್ಲಾ? ಒಂದು ನಿಮಿಷದಲ್ಲಿ ಅಂಗಡಿ ಮುಂದೆ ಇರ್ತೀವಿ."

ಅವಳು ಸೀಟಿಗೆ ಒರಗಿ ಬೆಲ್ಟು ಹಾಕಿಕೊಂಡಳು.

"ಬೇಡ," ಎಂದಳು. "ಎಡಕ್ಕೆ ತಿರುಗಿಸಿ."